ಗೆಡ್ಡೆಗೆ ಯಾವ ಮಣ್ಣು? ಕೆಂಪು, ಎರೆ, ಗೋಡು, ಕೊಕೊಪೀಟ್: ಅಂಗಳಕ್ಕೊಂದು ಲೆಕ್ಕ, ತಾರಸಿಗೊಂದು ಲೆಕ್ಕ

ಬೆಂಗಳೂರಿಗೆ ಬಂದ ಹೊಸದರಲ್ಲಿ ಒಂದು ಟೆಂಪೊ ಕೆಂಪು ಮಣ್ಣು ತರಿಸಿದ್ದೆ. ಗೇಟಿನ ಮುಂದೆ ಸುರಿದು ಹೋದಾಗ ಬಣ್ಣ ನೋಡಿಯೇ ಖುಷಿ. ಮೂರು ಡ್ರಮ್ಮಿಗೆ ತುಂಬಿ, ಸುವರ್ಣಗೆಡ್ಡೆಯ ತುಂಡು ಹೂತು, ದಿನಾ ನೀರು ಹಾಕಿದೆ. ಹದಿನೈದು ದಿನಕ್ಕೆ ಮೇಲ್ಪದರ ಹೆಂಚಿನ ಹಾಗೆ ಬಿಗಿದುಕೊಂಡಿತು. ಚೊಂಬು ನೀರು ಹಾಕಿದರೆ ಮೇಲೇ ನಿಲ್ಲುತ್ತಿತ್ತು, ಆಮೇಲೆ ಮೆಲ್ಲಗೆ ಡ್ರಮ್ಮಿನ ಅಂಚಿನಿಂದ ಜಾರಿ ತಳದ ತೂತಿನಿಂದ ಹೊರಗೆ ಬರುತ್ತಿತ್ತು. ನಡುವೆ ಕಡ್ಡಿ ಚುಚ್ಚಿ ನೋಡಿದರೆ ಒಣ ಒಣ. ಒಂಬತ್ತು ತಿಂಗಳು ಕಾದು ಅಗೆದಾಗ ಸಿಕ್ಕಿದ್ದು, ನೆಟ್ಟ ತುಂಡಿಗಿಂತ ಒಂದು ಹಿಡಿ ದೊಡ್ಡದಾದ, ಒಂದು ಪಕ್ಕ ಯಾರೋ ಅದುಮಿದ ಹಾಗೆ ಚಪ್ಪಟೆಯಾದ ಗೆಡ್ಡೆ. ಅದು ಹೊಲದ ಮಣ್ಣಲ್ಲ, ಯಾವುದೋ ಕಟ್ಟಡಕ್ಕೆ ಪಾಯ ತೋಡಿದ ಮಣ್ಣು ಎಂದು ತಿಳಿದದ್ದು ಪಕ್ಕದ ಮನೆಯ ಗಾರೆ ಕೆಲಸದವರು ಹೇಳಿದ ಮೇಲೆ.

ಸೊಪ್ಪಿಗೆ, ಟೊಮೆಟೊಗೆ ಮಣ್ಣು ಬೇರೂರಲು ಒಂದು ಜಾಗ. ಗೆಡ್ಡೆ ಅದರೊಳಗೇ ಮೈ ಬೆಳೆಸಬೇಕು. ದಪ್ಪವಾಗುತ್ತಾ ಸುತ್ತಲಿನ ಮಣ್ಣನ್ನು ತಳ್ಳಬೇಕು, ಕತ್ತಲಲ್ಲೇ ಉಸಿರಾಡಬೇಕು. ಹಾಗಾಗಿ ಗೆಡ್ಡೆಗೆ ಮಣ್ಣು ಆರಿಸುವಾಗ ನಾನು ಎರಡೇ ಪ್ರಶ್ನೆ ಕೇಳುತ್ತೇನೆ: ಹಿಡಿದರೆ ಪುಡಿಯಾಗುತ್ತದೆಯೇ? ಹಾಕಿದ ನೀರು ಎಲ್ಲಿಗೆ ಹೋಗುತ್ತದೆ? ಸತ್ವದ ಪ್ರಶ್ನೆ ಮೂರನೆಯದು, ಯಾಕೆಂದರೆ ಗೊಬ್ಬರವನ್ನು ಮಧ್ಯದಲ್ಲೂ ಕೊಡಬಹುದು. ಬಿಗಿದ ಮಣ್ಣನ್ನು ಬೆಳೆ ಇರುವಾಗ ಸಡಿಲ ಮಾಡುವುದು ಆಗದ ಕೆಲಸ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮಗೆ ನೆಲ ಇದ್ದರೆ ಮಣ್ಣು ಬದಲಿಸಲು ಹೋಗಬೇಡಿ, ಆ ಮಣ್ಣಿಗೆ ಒಗ್ಗುವ ಗೆಡ್ಡೆ ಆರಿಸಿ. ತಾರಸಿ ಮಾತ್ರ ಇದ್ದರೆ ಲೆಕ್ಕ ತಿರುಗಾಮುರುಗಾ: ಬೇಕಾದ ಗೆಡ್ಡೆ ಮೊದಲು, ಅದಕ್ಕೆ ತಕ್ಕ ಮಿಶ್ರಣ ಆಮೇಲೆ.

ಇರುವ ಮಣ್ಣು ಎಂಥದು

ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿ ಸಾಕು. ಮೂರನೇ ಒಂದು ಪಾಲು ಮಣ್ಣು, ಮೇಲೆ ನೀರು, ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ. ಮುಚ್ಚಳ ಹಾಕಿ ಎರಡು ಮೂರು ನಿಮಿಷ ಚೆನ್ನಾಗಿ ಕುಲುಕಿ ಕಿಟಕಿಯ ಬಳಿ ಇಡಿ. ಒಂದು ನಿಮಿಷದಲ್ಲಿ ತಳಕ್ಕೆ ಕೂರುವುದು ಮರಳು. ಎರಡು ಗಂಟೆ ಹೊತ್ತಿಗೆ ಅದರ ಮೇಲೆ ಕೂರುವುದು ನುಣ್ಣನೆ ಗೋಡು. ಮಾರನೆಯ ದಿನವೋ ಅದರ ಮಾರನೆಯ ದಿನವೋ ನೀರು ತಿಳಿಯಾದಾಗ ಎಲ್ಲಕ್ಕಿಂತ ಮೇಲೆ ಕೂತಿರುವುದು ಜೇಡಿ. ಮರಳು ಅರ್ಧಕ್ಕಿಂತ ಹೆಚ್ಚು, ಜೇಡಿ ಐದನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ಗೆಡ್ಡೆಗೆ ಅದಕ್ಕಿಂತ ಒಳ್ಳೆಯದು ಬೇಡ.

ನೆಲವಿದ್ದರೆ ಒಂದಡಿ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಲೆಕ್ಕ ಹಿಡಿಯಬೇಕಾದ್ದು ಈ ಎರಡನೆಯ ಸಲದ್ದು. ಗಂಟೆಗೆ ಎರಡು ಬೆರಳಗಲ ಇಳಿದರೆ ಸರಿ. ಬೆಳಗ್ಗೆ ತುಂಬಿದ್ದು ಸಂಜೆಗೂ ನಿಂತಿದ್ದರೆ ಅಲ್ಲಿ ಕೆಸು ಬಿಟ್ಟು ಬೇರೆ ಗೆಡ್ಡೆಯ ಆಸೆ ಬಿಡಿ, ಇಲ್ಲವೇ ನೆಲದ ಮೇಲೆ ಒಂದಡಿ ಎತ್ತರದ ಮಡಿ ಕಟ್ಟಿ.

ಕೆಂಪು ಮಣ್ಣು

ಬೆಂಗಳೂರು, ಕೋಲಾರ, ತುಮಕೂರು, ಮೈಸೂರು ಕಡೆಯವರಿಗೆ ಸುಲಭವಾಗಿ ಸಿಗುವುದು ಇದೇ. ಕಬ್ಬಿಣದ ಅಂಶದಿಂದ ಬಂದ ಬಣ್ಣ. ಸ್ವಭಾವದಲ್ಲಿ ಮರಳು ಬೆರೆತದ್ದು, ನೀರು ಬಸಿಯುತ್ತದೆ, ಸಾಮಾನ್ಯವಾಗಿ ತುಸು ಹುಳಿಯ ಕಡೆಗೆ ಇರುತ್ತದೆ. ಗೆಣಸಿಗೂ ಆಲೂಗೆಡ್ಡೆಗೂ ಅದು ಹಿತ. ಕೊರತೆ ಎಂದರೆ ಸಾವಯವ ಅಂಶ ತೀರಾ ಕಡಿಮೆ, ಹೊಡೆದ ಮಳೆಗೆ ಮೇಲ್ಪದರ ಚಕ್ಕೆಗಟ್ಟುತ್ತದೆ. ಗೊಬ್ಬರ ಮತ್ತು ಹೊದಿಕೆ ಎರಡೂ ಇದ್ದರೆ ಈ ಎರಡು ದೋಷವೂ ಹೋಗುತ್ತವೆ. ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ.

ಆದರೆ ಪೇಟೆಯಲ್ಲಿ ‘ಕೆಂಪು ಮಣ್ಣು’ ಎಂದು ಕೊಡುವುದೆಲ್ಲ ಒಂದೇ ಅಲ್ಲ. ಹೊಲದ ಮೇಲಿನ ಅರ್ಧ ಮುಕ್ಕಾಲು ಅಡಿ ಮಣ್ಣಿನ ಬಣ್ಣ ಮಂಕು, ಕಂದು ಬೆರೆತ ಕೆಂಪು. ಅದರಲ್ಲಿ ಹುಲ್ಲಿನ ಬೇರು, ಎರೆಹುಳದ ಹಿಕ್ಕೆ, ಒಂದೆರಡು ಇರುವೆಯಾದರೂ ಇರುತ್ತವೆ. ಹತ್ತಡಿ ಆಳದಿಂದ ಎತ್ತಿದ ಪಾಯದ ಮಣ್ಣು ಕಣ್ಣಿಗೆ ಹೆಚ್ಚು ಚಂದ: ಇಟ್ಟಿಗೆ ಪುಡಿಯ ಕೆಂಪು, ಕೆಲವೊಮ್ಮೆ ನಡುವೆ ಹಳದಿ, ಬಿಳಿ ಎಳೆ. ಬೇರಿಲ್ಲ, ಹುಳವಿಲ್ಲ, ವಾಸನೆಯೂ ಇಲ್ಲ. ಹೀಗಾಗಿ ಹೆಚ್ಚು ಕೆಂಪಗಿರುವ ಮಣ್ಣು ಕಂಡರೆ ನನಗೀಗ ಅನುಮಾನವೇ ಮೊದಲು. ಸಿಮೆಂಟಿನ ಚೂರು, ಟೈಲ್ಸ್ ತುಂಡು ಕಂಡರೆ ವಾಪಸು ಕಳಿಸಿ. ಕಸ ಆರಿಸುವ ಕಷ್ಟಕ್ಕಿಂತ ದೊಡ್ಡ ತೊಂದರೆ ಎಂದರೆ ಸಿಮೆಂಟು, ಸುಣ್ಣ ಸೇರಿದ ಮಣ್ಣು ಕ್ಷಾರದ ಕಡೆಗೆ ತಿರುಗುತ್ತದೆ. ಅಂಥದರಲ್ಲಿ ಆಲೂಗೆಡ್ಡೆ ಹಾಕಿದರೆ ಸಿಪ್ಪೆಯ ಮೇಲೆ ಕಜ್ಜಿ ಏಳುವ ಸಂಭವ ಜಾಸ್ತಿ. ಅನುಮಾನವಿದ್ದರೆ ಒಂದು ಚಮಚ ಮಣ್ಣಿನ ಮೇಲೆ ವಿನಿಗರ್ ಹನಿಸಿ, ನೊರೆ ಬಂದರೆ ಸುಣ್ಣ ಇದೆ ಎಂದೇ ಅರ್ಥ.

ಮೋಸ ಹೋಗಿ ಪಾಯದ ಮಣ್ಣು ಮನೆಗೆ ಬಂದೇಬಿಟ್ಟಿದೆಯೇ? ಎಸೆಯಬೇಡಿ. ಮಿಶ್ರಣದಲ್ಲಿ ಕಾಲು ಭಾಗ ಮೀರದ ಹಾಗೆ ಸೇರಿಸುತ್ತಾ ಬಂದರೆ ಎರಡು ಮೂರು ವರ್ಷದಲ್ಲಿ ಅದೂ ಮಣ್ಣಾಗುತ್ತದೆ.

ಎರೆ ಮಣ್ಣು

ಅತ್ತಿಗೆಯ ತವರು ಧಾರವಾಡದ ಹತ್ತಿರ. ಅವರ ಹಿತ್ತಿಲ ಕಪ್ಪು ಮಣ್ಣಿನಲ್ಲಿ ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಚಪ್ಪಲಿ ಅಲ್ಲೇ ಬಿಟ್ಟು ಬರುವಷ್ಟು ಅಂಟು. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗುವ ಜೇಡಿ ಇದರಲ್ಲಿ ಹೆಚ್ಚು, ಅದಕ್ಕೇ ಹೀಗೆ. ಅಲ್ಲಿ ಗೆಣಸು ಹಾಕಲು ಹೊರಟ ನನಗೆ ಅತ್ತಿಗೆ ಹೇಳಿದ್ದು: “ಎರಿ ಮಣ್ಣಿನ ಹದ ಅಂದ್ರ ಎರಡು ದಿನದ್ದು ನೋಡವಾ. ನಿನ್ನಿ ಕೆಸರು, ನಾಳಿ ಕಲ್ಲು.”

ಸತ್ವಕ್ಕೆ, ನೀರು ಹಿಡಿದಿಡುವುದಕ್ಕೆ ಇದರ ಮುಂದೆ ಕೆಂಪು ಮಣ್ಣು ಏನೂ ಅಲ್ಲ. ಆದರೆ ಗೆಡ್ಡೆಗೆ ಬೇಕಾದ ಗಾಳಿ ಮಳೆಗಾಲದಲ್ಲಿ ಇದರೊಳಗೆ ಇರುವುದಿಲ್ಲ. ಒಣಗಿ ಕುಗ್ಗುವಾಗ ಗೆಣಸಿನ ಎಳೆ ಬೇರು ಹರಿಯುತ್ತವೆ, ಬೆಳೆದ ಗೆಣಸು ಸೊಟ್ಟಪಟ್ಟ. ಬಹುಪಾಲು ಎರೆ ಮಣ್ಣು ಕ್ಷಾರದ ಕಡೆ ವಾಲಿರುತ್ತದೆ, ಸುಣ್ಣದ ಹರಳೂ ಇರುತ್ತವೆ. ಆದ್ದರಿಂದ ಇಲ್ಲಿ ಒಲೆಬೂದಿ ಹಾಕಬೇಡಿ. ಕೆಂಪು ಮಣ್ಣಿಗೆ ಹಿಡಿಯಷ್ಟು ಬೂದಿ ಒಳ್ಳೆಯದೇ, ಇಲ್ಲಿ ಅದು ಉರಿಗೆ ತುಪ್ಪ.

ಮರಳು ಬೆರೆಸಿದರೆ ಸಡಿಲವಾಗುತ್ತದೆ ಎನ್ನುವವರಿದ್ದಾರೆ. ಒಂದೆರಡು ಬುಟ್ಟಿ ಮರಳಿಗೆ ಎರೆ ಮಣ್ಣಿನ ಗುಣ ಬದಲಾಗುವುದಿಲ್ಲ, ಹೆಚ್ಚು ಕಡಿಮೆ ಅರ್ಧದಷ್ಟು ಬೇಕು. ಅಷ್ಟು ಹೊರುವ ಬದಲು ಭತ್ತದ ಹೊಟ್ಟು, ಕಳಿತ ಕೊಟ್ಟಿಗೆ ಗೊಬ್ಬರ, ಸೆಣಬು ಬೆಳೆದು ಮಣ್ಣಿಗೆ ಸೇರಿಸುವುದು, ಒಂದಡಿ ಎತ್ತರದ ಏರು ಮಡಿ: ಇಷ್ಟು ಸಾಕು. ಗೆಡ್ಡೆಗಳಲ್ಲಿ ಇಲ್ಲಿ ಒಗ್ಗುವುದು ಅರಿಶಿನ. ಕೃಷ್ಣೆಯ ದಡದ ಸಾಂಗ್ಲಿ ಸೀಮೆಯಲ್ಲಿ ಅರಿಶಿನ ಬೆಳೆಯುವುದು ಕಪ್ಪು ಮಣ್ಣಿನಲ್ಲೇ. ಅತ್ತಿಗೆಯ ಹಿತ್ತಿಲಲ್ಲೂ ಕೊನೆಗೆ ನಿಂತದ್ದು ಅದೇ, ನನ್ನ ಗೆಣಸಿನ ಬಳ್ಳಿ ದನಕ್ಕೆ ಹೋಯಿತು.

ಕೆರೆ ಗೋಡು, ಜಂಬಿಟ್ಟಿಗೆ

ಹಳ್ಳಿಯ ಕೆರೆಯ ಗೋಡು ಬಡಕಲು ಕೆಂಪು ಮಣ್ಣಿಗೆ ಮೈ ತುಂಬಿಸುತ್ತದೆ. ಬೇಸಗೆಯಲ್ಲಿ ತಂದು, ಹರಡಿ ಒಣಗಿಸಿ, ಹೆಂಟೆ ಒಡೆದು, ಐದಕ್ಕೆ ಒಂದರಂತೆ ಬೆರೆಸಿ. ಗೋಡನ್ನೇ ಪೂರ್ತಿ ತುಂಬಿದರೆ ಒಣಗಿದ ಮೇಲೆ ಹೆಂಟೆ ಒಡೆಯಲು ಸುತ್ತಿಗೆ ಬೇಕಾದೀತು. ಬೆಂಗಳೂರಿನ ಕೆರೆಯದು ಮಾತ್ರ ಬೇಡವೇ ಬೇಡ. ಚರಂಡಿ, ಕಾರ್ಖಾನೆಗಳ ನೀರು ವರ್ಷಾನುಗಟ್ಟಲೆ ಬಂದು ನಿಂತ ಕೆಸರಲ್ಲಿ ಏನೇನಿದೆಯೋ, ಅದರಲ್ಲಿ ಹೂ ಬೆಳೆಯಿರಿ, ತಿನ್ನುವ ಗೆಡ್ಡೆ ಬೇಡ.

ಕರಾವಳಿಯ, ಘಟ್ಟದ ಜಂಬಿಟ್ಟಿಗೆ ಮಣ್ಣಿಗೆ ನೀರು ನಿಲ್ಲುವ ರೋಗವಿಲ್ಲ. ಆದರೆ ಸುರಿಯುವ ಮಳೆ ಸತ್ವವನ್ನೆಲ್ಲ ತೊಳೆದು ಹುಳಿ ಮಾಡಿಟ್ಟಿರುತ್ತದೆ, ಕಲ್ಲಿನ ಹರಳೂ ಜಾಸ್ತಿ. ಜರಡಿ ಹಿಡಿದು, ಸೊಪ್ಪಿನ ಗೊಬ್ಬರ ಧಾರಾಳ ಹಾಕಿ, ಸುಡುಮಣ್ಣೋ ಬೂದಿಯೋ ಬೆರೆಸಿದರೆ ಸುವರ್ಣಗೆಡ್ಡೆ, ಕೆಸು, ಮುಳ್ಳುಗೆಣಸು ಎಲ್ಲವೂ ಬರುತ್ತವೆ. ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿ ಸಮುದಾಯದವರ ಹಿತ್ತಿಲು ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ಅಲ್ಲಿನ ಗೆಡ್ಡೆ ಮೇಳಕ್ಕೆ ಒಮ್ಮೆ ಹೋಗಿ ಬನ್ನಿ, ಒಂದೇ ತಾಲ್ಲೂಕಿನ ಮಣ್ಣಲ್ಲಿ ಎಷ್ಟು ಬಗೆ ಗೆಡ್ಡೆ ಎಂದು ಕಣ್ಣಾರೆ ಕಾಣಬಹುದು.

ತಾರಸಿಯ ಲೆಕ್ಕ: ಭಾರ ಮೊದಲು

ಒದ್ದೆ ಕೆಂಪು ಮಣ್ಣು ಲೀಟರಿಗೆ ಸುಮಾರು ಒಂದೂವರೆಯಿಂದ ಒಂದೂ ಮುಕ್ಕಾಲು ಕೆಜಿ ತೂಗುತ್ತದೆ. 60 ಲೀಟರಿನ ಡ್ರಮ್ಮು ತುಂಬಿದರೆ ಹತ್ತಿರ ಹತ್ತಿರ 100 ಕೆಜಿ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875ರಲ್ಲಿ ಹಿಡಿದಿರುವ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ. ಒಂದು ಚದರ ಮೀಟರಿನಲ್ಲಿ ಮೂರು ಡ್ರಮ್ಮು ಸಾಲಾಗಿ ಇಟ್ಟರೆ ಏನಾಯಿತು ನೀವೇ ನೋಡಿ. ಆದ್ದರಿಂದ ತಾರಸಿಯಲ್ಲಿ ಬರೀ ಮಣ್ಣು ಬೇಡ, ದೊಡ್ಡ ಡ್ರಮ್ಮುಗಳನ್ನು ಗೋಡೆ ಅಥವಾ ತೊಲೆಯ ಮೇಲೆ ಬರುವ ಹಾಗೆ ಇಡಿ, ನಡುವಿನ ಜಾಗದಲ್ಲಿ ಬೇಡ.

ಭಾರ ಇಳಿಸಲು ಎಲ್ಲರೂ ಹಿಡಿಯುವ ದಾರಿ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಹಗುರ, ಗಾಳಿಯಾಡುತ್ತದೆ, ನೀರು ಹಿಡಿಯುತ್ತದೆ. ಆದರೆ ಅದರಲ್ಲಿ ಊಟವಿಲ್ಲ, ಜೊತೆಗೆ ಉಪ್ಪಿರುತ್ತದೆ. ಇಟ್ಟಿಗೆಯ ಆಕಾರದಲ್ಲಿ ಒತ್ತಿ ಮಾರುವ, ತೊಳೆಯದ ಕೊಕೊಪೀಟ್ ತಂದು ನೆನೆಸಿ ನೇರ ತುಂಬಿದ ವರ್ಷ ನನ್ನ ಶುಂಠಿಯ ಎಲೆತುದಿಗಳೆಲ್ಲ ಸುಟ್ಟ ಹಾಗಾದವು. ಈಗ ಟಬ್ಬಿನಲ್ಲಿ ನೆನೆಸಿ, ಹಿಂಡಿ, ಕಾಫಿ ಬಣ್ಣದ ನೀರು ಚೆಲ್ಲಿ, ಹೀಗೆ ಮೂರು ಸಲ. ಕುಡಿಯುವ ನೀರಲ್ಲಿ ಕರಗಿದ ಲವಣ ಎಷ್ಟಿದೆ ಎಂದು ನೋಡಲು ಇಟ್ಟುಕೊಂಡ ಟಿಡಿಎಸ್ ಮೀಟರ್ ಇಲ್ಲಿ ಉಪಕಾರಕ್ಕೆ ಬಂತು: ನಲ್ಲಿ ನೀರಿನ ಅಂಕಿ ಬರೆದುಕೊಳ್ಳಿ, ಹಿಂಡಿದ ನೀರಿನ ಅಂಕಿ ಅದರ ಹತ್ತಿರಕ್ಕೆ ಇಳಿಯುವವರೆಗೆ ತೊಳೆಯಿರಿ. ಬೋರ್‌ವೆಲ್ ನೀರಿನವರು ಕೊನೆಯ ಸಲವಾದರೂ ಮಳೆನೀರು ಬಳಸಿದರೆ ಒಳ್ಳೆಯದು.

ಚೀಲದಲ್ಲಿ ಬರುವ ಸಿದ್ಧ ‘ಪಾಟಿಂಗ್ ಮಿಕ್ಸ್’ ಬಗ್ಗೆ ನನ್ನ ಮಾತು ಚಿಕ್ಕದು. ಬಿಚ್ಚಿ ನೋಡಿದರೆ ಮುಕ್ಕಾಲು ಪಾಲು ಅದೇ ಕೊಕೊಪೀಟ್. ಮೂರು ತಿಂಗಳ ಸೊಪ್ಪಿಗೆ ನಡೆಯುತ್ತದೆ. ಒಂಬತ್ತು ತಿಂಗಳು ನಿಲ್ಲಬೇಕಾದ ಸುವರ್ಣಗೆಡ್ಡೆಗೆ ಅದು ನಡುವೆಯೇ ಕುಸಿದು, ಗಿಡ ವಾಲುತ್ತದೆ. ಸುವರ್ಣಗೆಡ್ಡೆಯ ಒಂದೇ ದಂಟಿನ ಕೊಡೆಗೆ ಬುಡದಲ್ಲಿ ತೂಕ ಬೇಕು.

ನಾನು ಈಗ ತುಂಬುವ ಅಳತೆ, ಬುಟ್ಟಿ ಲೆಕ್ಕದಲ್ಲಿ: ಹೊಲದ ಕೆಂಪು ಮಣ್ಣು ಎರಡು, ಕಳಿತ ಕೊಟ್ಟಿಗೆ ಗೊಬ್ಬರ ಒಂದು, ತೊಳೆದ ಕೊಕೊಪೀಟ್ ಒಂದು, ಭತ್ತದ ಹೊಟ್ಟು ಒಂದು. ಡ್ರಮ್ಮಿಗೆ ಎರಡು ಹಿಡಿ ಬೇವಿನ ಹಿಂಡಿ. ಹೊಟ್ಟು ಅಕ್ಕಿ ಗಿರಣಿಯಲ್ಲಿ ಸಿಗುತ್ತದೆ, ಬೇಗ ಕೊಳೆಯುವುದಿಲ್ಲ, ಅದಕ್ಕೇ ಮಣ್ಣು ವರ್ಷವಿಡೀ ಸಡಿಲ. ಮರಳಿನ ಬದಲು ಇದನ್ನು ಹಾಕಲು ಇನ್ನೊಂದು ಕಾರಣವಿದೆ: ಈಗ ಸಿಗುವ ಎಂ-ಸ್ಯಾಂಡ್‌ನಲ್ಲಿ, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳಿನಲ್ಲಿ, ಕಲ್ಲಿನ ಹಿಟ್ಟು ಇರುತ್ತದೆ, ನೀರು ಬಿದ್ದಂತೆ ಅದು ಸಂದುಗಳನ್ನು ಮುಚ್ಚಿಬಿಡುತ್ತದೆ.

ಗೊಬ್ಬರ: ಕಳಿತದ್ದೋ ಅಲ್ಲವೋ

ಕೊಟ್ಟಿಗೆ ಗೊಬ್ಬರಕ್ಕೂ ಎರೆಗೊಬ್ಬರಕ್ಕೂ ಹೋಲಿಕೆ ಮಾಡಿದರೆ ಗೆಡ್ಡೆಗೆ ನನ್ನ ಮತ ಕೊಟ್ಟಿಗೆಯದಕ್ಕೆ. ಎರೆಗೊಬ್ಬರ ನುಣುಪು, ಸತ್ವ ಹೆಚ್ಚು, ಆದರೆ ಜಾಸ್ತಿ ಹಾಕಿದರೆ ಜಿಗುಟಾಗಿ ನೀರು ಹಿಡಿಯುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ನಾರಿದೆ, ಮಣ್ಣನ್ನು ಬಿಡಿಸಿಡುತ್ತದೆ.

ಆದರೆ ಪೂರ್ತಿ ಕಳಿತಿರಬೇಕು. ಒಮ್ಮೆ ಅವಸರಕ್ಕೆ ಅರ್ಧ ಕಳಿತ ಗೊಬ್ಬರ ಹಾಕಿ ಗೆಣಸು ನೆಟ್ಟೆ. ನಾಲ್ಕು ತಿಂಗಳ ಮೇಲೆ ಚೀಲ ಮಗುಚಿದರೆ ಗೆಣಸಿನ ಜೊತೆ ಉರುಳಿ ಬಂದವು ಹದಿನೇಳು ಗೊಣ್ಣೆ ಹುಳು, ಎಣಿಸಿದೆ. ಹೆಬ್ಬೆರಳ ದಪ್ಪ, ಬೆಳ್ಳಗೆ, ಕೊಂಕಿ ಮಲಗಿದ್ದವು, ಕಂದು ತಲೆ. ಒಂದೊಂದು ಗೆಣಸಿಗೂ ಎರಡೆರಡು ಸುರಂಗ. ಆವತ್ತು ಹಬ್ಬವಾದದ್ದು ಕಾಂಪೌಂಡಿನ ಮೇಲೆ ಕೂತ ಕಾಗೆಗಳಿಗೆ. ಗೊಬ್ಬರ ತರುವಾಗ ರಾಶಿಯ ಒಳಗೆ ಕೈ ಹಾಕಿ: ಬೆಚ್ಚಗಿದ್ದರೆ ಇನ್ನೂ ಕಳಿಯುತ್ತಿದೆ. ತಣ್ಣಗೆ, ಪುಡಿಪುಡಿಯಾಗಿ, ಹುಲ್ಲು ಸಗಣಿ ಗುರುತು ಸಿಗದ ಹಾಗಿದ್ದು, ಮೊದಲ ಮಳೆಯ ವಾಸನೆ ಬಂದರೆ ತನ್ನಿ. ಆಮೇಲೂ ಜರಡಿ ಹಿಡಿಯಿರಿ.

ಯಾವ ಗೆಡ್ಡೆಗೆ ಏನು

ಗೆಣಸಿಗೆ ಮಣ್ಣು ತುಸು ಬಡವಾಗಿಯೇ ಇರಲಿ. ಗೊಬ್ಬರ ಹೆಚ್ಚಾದರೆ ಬಳ್ಳಿ ಮನೆ ಮುಚ್ಚುತ್ತದೆ, ಕೆಳಗೆ ಬೆರಳು ದಪ್ಪದ ಬೇರು. ಮೇಲಿನ ಅಳತೆಯಲ್ಲಿ ಗೊಬ್ಬರ ಅರ್ಧ ಮಾಡಿ, ಬೂದಿ ಒಂದು ಹಿಡಿ ಸೇರಿಸಿ.

ಸುವರ್ಣಗೆಡ್ಡೆ ಅದಕ್ಕೆ ಪೂರ್ತಿ ವಿರುದ್ಧ, ಎಷ್ಟು ಕೊಟ್ಟರೂ ತಿನ್ನುತ್ತದೆ. ಹದಿನೆಂಟು ಇಂಚು ಅಗಲ, ಅಷ್ಟೇ ಆಳದ ಚೀಲಕ್ಕಿಂತ ಕಡಿಮೆ ಬೇಡ. ಅದರಲ್ಲಿ ಸುಮಾರು 75 ಲೀಟರ್ ಮಿಶ್ರಣ ಹಿಡಿಯುತ್ತದೆ. ಅರ್ಧ ಕೆಜಿಯಷ್ಟು ತೂಕದ, ಮೊಳಕೆ ಏಳುವ ನಡುಗಣ್ಣಿನ ಭಾಗ ಇರುವ ತುಂಡು ನೆಡಿ. ಹೊಸ ಗೆಡ್ಡೆ ಕೂರುವುದು ಹಳೆಯ ತುಂಡಿನ ಮೇಲ್ಗಡೆ, ಹಾಗಾಗಿ ಮೇಲೆ ಅರ್ಧ ಅಡಿ ಸಡಿಲ ಮಣ್ಣು ಇರಲೇಬೇಕು. ಬಾಯಿ ಕಡಿಯದ ತಳಿ ಬೇಕೆಂದರೆ ‘ಗಜೇಂದ್ರ’ ಕೇಳಿ.

ಆಲೂಗೆಡ್ಡೆಗೆ ಚೀಲವನ್ನು ಒಂದೇ ಸಲ ತುಂಬಬೇಡಿ. ಕಾಲು ಭಾಗ ತುಂಬಿ, ನೆಟ್ಟು, ಗಿಡ ಏಳುತ್ತಿದ್ದಂತೆ ಮಣ್ಣೇರಿಸುತ್ತಾ ಹೋಗಿ. ಬೆಳಕು ಕಂಡ ಗೆಡ್ಡೆ ಹಸಿರಾಗುತ್ತದೆ, ತಿನ್ನಬಾರದು.

ಶುಂಠಿ ಬಹಳ ನಾಜೂಕು. ಒಂದು ರಾತ್ರಿ ಬುಡದಲ್ಲಿ ನೀರು ನಿಂತರೆ ಕೊಳೆ ರೋಗಕ್ಕೆ ಕರೆ ಕಳಿಸಿದಂತೆ. ಇದಕ್ಕೆ ಹೊಟ್ಟು ಒಂದು ಬುಟ್ಟಿ ಹೆಚ್ಚು, ಕೊಕೊಪೀಟ್ ಕಡಿಮೆ, ಮೇಲೆ ತರಗೆಲೆಯ ದಪ್ಪ ಹೊದಿಕೆ. ಕೆಸುವಿಗೆ ಈ ಯಾವ ಉಪಚಾರವೂ ಬೇಡ. ನಮ್ಮಜ್ಜಿ ಬಚ್ಚಲ ನೀರು ಹೋಗುವ ಕಡೆ ಒಂದು ತುಂಡು ಎಸೆದು ಮರೆತುಬಿಡುತ್ತಿದ್ದರು, ಆಷಾಢಕ್ಕೆ ಪತ್ರೊಡೆಗೆ ಎಲೆ ಸಿದ್ಧ.

ಅಕ್ಕನ ಮಗಳು ಅಮೆರಿಕದ ಮಿಷಿಗನ್‌ನಲ್ಲಿ ಸನ್‌ಚೋಕ್ ಹಾಕಿದ್ದಾಳೆ. ಸೂರ್ಯಕಾಂತಿಯ ಬಳಗದ ಗೆಡ್ಡೆ, ಅದರ ಮೂಲವೇ ಉತ್ತರ ಅಮೆರಿಕ, ನೋಡಲು ಶುಂಠಿಯ ಹಾಗೆ ಗಂಟುಗಂಟು. ಅದು ಯಾವ ಮಣ್ಣಲ್ಲೂ ಹುಟ್ಟುತ್ತದೆ, ಅವಳ ಹಿತ್ತಿಲ ಜೇಡಿಯಲ್ಲೂ ಹುಲುಸಾಗಿ ಬಂತಂತೆ. ಕಷ್ಟ ಶುರುವಾದದ್ದು ಕೀಳುವಾಗ. “ಚಿಕ್ಕಿ, ಒಂದೊಂದು ಗಂಟಿನ ಸಂದಿಗೂ ಹಲ್ಲುಜ್ಜೋ ಬ್ರಷ್ ಹಾಕಿ ಮಣ್ಣು ತೆಗೀತಾ ಕೂತಿದೀನಿ” ಎಂದು ವಿಡಿಯೊ ಕಾಲಿನಲ್ಲಿ ತೋರಿಸಿದಳು. ಉಳಿದ ಚೂರುಗಳೆಲ್ಲ ಮರುವರ್ಷ ಮತ್ತೆ ಮೊಳೆತವು. ಈಗ ನಾಲ್ಕು ಹಲಗೆ ಹೊಡೆದು ಎತ್ತರದ ಮಡಿ ಮಾಡಿ, ಎಲೆಗೊಬ್ಬರ ತುಂಬಿ ಅದರೊಳಗೇ ಕೂಡಿಹಾಕಿದ್ದಾಳೆ. ಮಣ್ಣು ಆರಿಸುವಾಗ ಕೀಳುವ ದಿನವನ್ನೂ ನೆನೆಯಬೇಕು ಎಂದು ನನಗೆ ಹೊಳೆದದ್ದು ಆ ಬ್ರಷ್ಷು ನೋಡಿದಾಗಲೇ.

ಹದ ಮಾಡುವುದು

ಏಪ್ರಿಲ್ ಮೇ ಬಿಸಿಲು ಬಿಟ್ಟಿ ಔಷಧಿ. ಮಣ್ಣನ್ನು ಸ್ವಲ್ಪ ತೇವ ಮಾಡಿ, ಒಂದು ಗೇಣು ದಪ್ಪ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಕಲ್ಲು ಹೇರಿ ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಹಾಳೆ ಬೇಡ, ಬಿಸಿಲು ಒಳಗೆ ಹೋಗಿ ಕೂರಬೇಕು. ಕಳೆ ಬೀಜ, ರೋಗ, ಹುಳ ಬಹಳಷ್ಟು ಸಾಯುತ್ತವೆ. ಒಳ್ಳೆಯ ಜೀವಿಗಳೂ ಅಷ್ಟಿಷ್ಟು ಸಾಯುತ್ತವೆ, ಆದ್ದರಿಂದ ಗೊಬ್ಬರ ಬೆರೆಸುವುದು ಆಮೇಲೆ. ಬೆರೆಸಿ ಹದಿನೈದು ದಿನ, ಆರದ ಹಾಗೆ ನೀರು ಚಿಮುಕಿಸಿ ಬಿಟ್ಟು, ನಂತರ ನೆಡಿ.

ಹದ ನೋಡಿ ಹರಗಬೇಕು ಎಂಬ ಮಾತು ಡ್ರಮ್ಮಿಗೂ ಸಲ್ಲುತ್ತದೆ. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ಉಂಡೆ ಮಾಡಿ, ಹೆಬ್ಬೆರಳಲ್ಲಿ ಒತ್ತಿ. ಒಡೆದು ಪುಡಿಯಾದರೆ ಈಗಲೇ ತುಂಬಿ. ಬೆರಳ ಗುರುತು ಮೂಡಿದರೆ ಇನ್ನೂ ಹಸಿ, ಎರಡು ದಿನ ಬಿಡಿ. ಉಂಡೆಯೇ ಕಟ್ಟದಿದ್ದರೆ ನೀರು ಚಿಮುಕಿಸಿ. ಹಸಿ ಮಣ್ಣನ್ನು ಒತ್ತಿ ತುಂಬಿದ ಡ್ರಮ್ಮು ವರ್ಷವಿಡೀ ಒತ್ತಿಕೊಂಡೇ ಇರುತ್ತದೆ.

ತಳಕ್ಕೆ ಜಲ್ಲಿ ಹಾಕಿ ಎಂದು ಎಲ್ಲ ಕಡೆ ಹೇಳುತ್ತಾರೆ. ನಾನು ಬಿಟ್ಟೆ. ನುಣ್ಣನೆ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ಕೆಳಗಿನ ಜಲ್ಲಿಗೆ ನೀರು ಇಳಿಯುವುದೇ ಇಲ್ಲ, ಒದ್ದೆ ಪದರ ಗೆಡ್ಡೆಯ ಹತ್ತಿರಕ್ಕೇ ಬಂತು, ಭಾರ ಬೇರೆ. ತೂತಿನ ಮೇಲೆ ಒಂದು ಹೆಂಚಿನ ಚೂರು, ಅದರ ಮೇಲೆ ತರಗೆಲೆ, ಆಮೇಲೆ ಮಣ್ಣು. ತೂತು ತಳದಲ್ಲಿ ಅಷ್ಟೇ ಅಲ್ಲ, ಪಕ್ಕದಲ್ಲೂ ಎರಡು ಬೆರಳು ಮೇಲಕ್ಕೆ ನಾಲ್ಕು ಇರಲಿ. ಮಿಶ್ರಣ ಕೆಲವು ತಿಂಗಳಲ್ಲಿ ಕುಸಿಯುತ್ತದೆ, ಮೇಲೆ ಹಾಕಲು ಒಂದು ಚೀಲ ಎತ್ತಿಡಿ.

ಬೆಳೆ ತೆಗೆದ ಮೇಲೆ ಅದೇ ಮಣ್ಣಿಗೆ ಅದೇ ಗೆಡ್ಡೆ ಹಾಕಬೇಡಿ. ಶುಂಠಿ ಕೊಳೆತ ಚೀಲಕ್ಕಂತೂ ಎರಡು ಮೂರು ವರ್ಷ ಶುಂಠಿಯೂ ಬೇಡ, ಅರಿಶಿನವೂ ಬೇಡ. ನನ್ನ ಹೋದ ವರ್ಷದ ಶುಂಠಿ ಚೀಲದಲ್ಲಿ ಈಗ ಅಲಸಂದೆ ಹಬ್ಬಿದೆ. ಮೊದಲು ಹೇಳಿದ ಆ ಟೆಂಪೊ ಮಣ್ಣಿನಲ್ಲಿ ಅರ್ಧ ಇನ್ನೂ ಮೆಟ್ಟಿಲ ಕೆಳಗಿದೆ, ವರ್ಷಕ್ಕೆ ಎರಡು ಬುಟ್ಟಿಯಂತೆ ಖರ್ಚಾಗುತ್ತಿದೆ. ಬಟ್ಟೆ ಒಗೆದ ನೀರು ಹರಿದು ಬರುವ ಅದರ ಒಂದು ಮೂಲೆಯಲ್ಲಿ, ಯಾರೂ ನೆಡದೆ, ಕೆಸು ಎದ್ದಿದೆ.